ತೀರಿಕೊಂಡ ನಮ್ಮವರು ಈಗ ಎಲ್ಲಿದ್ದಾರೆ? ಸ್ವರ್ಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ ಕ್ಯಾಂಪಿನಿಂದ ಹಿಡಿದು ಖಾನಾಪುರದ ಹಳ್ಳಿಗಳವರೆಗೆ, ಸಾವಾದ ಮನೆಗಳಿಗೆ ಪ್ರಾರ್ಥನೆಗೆ ಹೋಗುವವರಲ್ಲಿ ನಾನೂ ಒಬ್ಬಳು. ಜಪಸರ ಮುಗಿದು, ಬಂದವರು ಚಹಾ ಕುಡಿದು ಎದ್ದ ಮೇಲೆ ಮನೆಯವರಲ್ಲಿ ಯಾರಾದರೂ ಹತ್ತಿರ ಬರುತ್ತಾರೆ. ಮೆಲ್ಲಗೆ ಒಂದು ಪ್ರಶ್ನೆ ಕೇಳುತ್ತಾರೆ. ಫಾದರ್ ಹತ್ತಿರ ಕೇಳಲು ಸಂಕೋಚ. ಕೆಲವರು ಆಮೇಲೆ ಪತ್ರ ಬರೆಯುತ್ತಾರೆ, ಕೆಲವರು ವಾಟ್ಸಾಪಿನಲ್ಲಿ ಕೇಳುತ್ತಾರೆ. ಮನೆ ಬೇರೆಯಾದರೂ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರ ಕಥೋಲಿಕ ಧರ್ಮಸಭೆ ಕಲಿಸುವುದು. ಧರ್ಮಸಭೆ ಎಲ್ಲಿ ಏನನ್ನೂ ನಿರ್ಧರಿಸಿ ಹೇಳಿಲ್ಲವೋ ಅಲ್ಲಿ ಹಾಗಂತಲೇ ಬರೆದಿದ್ದೇನೆ.

## ಮೊದಲು ಕೇಳುವವು

ನಮ್ಮವ್ವ ಹೋಗಿ ಹತ್ತು ದಿನ ಆಯ್ತ್ರೀ. ಇನ್ನೂ ಮನಿ ಸುತ್ತಾನೇ ಇರ್ತಾಳಂತ ಹೇಳ್ತಾರ. ಖರೇನಾ?

ಅಕ್ಕಪಕ್ಕದವರು ಪ್ರೀತಿಯಿಂದಲೇ ಹಾಗೆ ಹೇಳುತ್ತಾರೆ. ಆದರೆ ನಮ್ಮ ವಿಶ್ವಾಸದಲ್ಲಿ ಆತ್ಮ ಮನೆ ಸುತ್ತ ಅಲೆಯುವುದಿಲ್ಲ. ಉಸಿರು ನಿಂತ ಕೂಡಲೇ ಅದು ದೇವರ ಮುಂದೆ ನಿಲ್ಲುತ್ತದೆ. ಅವರು ಬಾಳಿದ ಬಾಳಿಗೆ ತೀರ್ಪು ಆಗಲೇ ಆಗುತ್ತದೆ. ಆಮೇಲೆ ನೇರ ಸ್ವರ್ಗ, ಇಲ್ಲವೆ ಸ್ವರ್ಗಕ್ಕೆ ಮೊದಲು ಉಳಿದ ಪಾಪದ ಕಲೆ ತೊಳೆಯುವ ಶುದ್ಧೀಕರಣ. ದೇವರೇ ಬೇಡ ಎಂದು ಕೊನೆಯವರೆಗೂ ನೂಕಿದವರಿಗೆ ನರಕ.

ಅವ್ವ ಇದರಲ್ಲಿ ಎಲ್ಲಿದ್ದಾಳೆ ಅಂತ ನಾನು ಹೇಳಲಾರೆ. ಫಾದರ್ ಕೂಡ ಹೇಳಲಾರರು. ಆದರೆ ‘ನೀತಿವಂತರ ಆತ್ಮಗಳು ದೇವರ ಕೈಯಲ್ಲಿವೆ’ ಎನ್ನುತ್ತದೆ ಜ್ಞಾನಗ್ರಂಥದ ಮೂರನೇ ಅಧ್ಯಾಯ. ಮಣ್ಣಿನ ದಿನ ದೇವಾಲಯದಲ್ಲಿ ಅರ್ಪಿಸುವ ಬಲಿಪೂಜೆಯಲ್ಲಿ ಎಷ್ಟೋ ಸಲ ಇದನ್ನೇ ಓದುತ್ತಾರೆ, ದುಃಖದಲ್ಲಿ ಕಿವಿಗೆ ಬಿದ್ದಿರುವುದಿಲ್ಲ. ಈಗ ಒಂದು ಸಲ ತೆಗೆದು ಓದಿ. ಅವ್ವನಿಗೆ ನೀವು ಏನಾದರೂ ಮಾಡುವ ಹೊತ್ತು ಇನ್ನೂ ಮುಗಿದಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಸ್ವರ್ಗ ಅಂದ್ರೆ ಮೇಲೆ ಆಕಾಶದಲ್ಲಿ ಇರೋ ಊರಾ?

ಅಲ್ಲ. ಪೋಪ್ ಎರಡನೇ ಜಾನ್ ಪಾಲ್ 1999ರ ಜುಲೈನಲ್ಲಿ ಈ ವಿಷಯ ಬಿಡಿಸಿ ಹೇಳಿದ್ದರು. ಸ್ವರ್ಗ ಮೋಡದಲ್ಲಿರುವ ಜಾಗವೂ ಅಲ್ಲ, ಬರೀ ಕಲ್ಪನೆಯೂ ಅಲ್ಲ. ಅದು ತ್ರಿಯೇಕ ದೇವರ ಜೊತೆಗಿನ ಜೀವಂತ ಸಂಬಂಧ. ಬೈಬಲ್ ಅದನ್ನು ಮದುವೆಯೂಟ, ತಂದೆಯ ಮನೆ, ಬೆಳಕು, ಹೊಸ ಜೆರುಸಲೇಮ್ ಎಂದೆಲ್ಲ ಹೇಳುತ್ತದೆ. ಒಂದೇ ಚಿತ್ರ ಸಾಲದು, ಅದಕ್ಕೇ ಅಷ್ಟೊಂದು. ಮಕ್ಕಳಿಗೆ ‘ಅಜ್ಜ ನಕ್ಷತ್ರ ಆದ’ ಅಂತ ಹೇಳಿಬಿಡುತ್ತೇವಲ್ಲ, ಅದರ ಬದಲು ‘ಅಜ್ಜ ಯೇಸುವಿನ ಹತ್ತಿರ ಹೋಗಿದ್ದಾನೆ, ಅವನಿಗಾಗಿ ಪ್ರಾರ್ಥನೆ ಮಾಡೋಣ’ ಅನ್ನಿ. ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಅಲ್ಲಿ ಮಾಡೋದೇನು? ದಿನಾ ಹಾಡು ಹಾಡ್ಕೊಂಡು ಕೂತ್ರೆ ಬೇಜಾರಾಗಲ್ವಾ?

ಕಾಲೇಜಿನ ಹುಡುಗರು ಇದನ್ನು ಕೇಳಿದಾಗ ದೊಡ್ಡವರು ಗದರಿಸುತ್ತಾರೆ. ಗದರಿಸಬೇಡಿ. ಪೋಪ್ ಹದಿನಾರನೇ ಬೆನೆಡಿಕ್ಟ್ 2007ರಲ್ಲಿ ಭರವಸೆಯ ಬಗ್ಗೆ ಬರೆದ ಪತ್ರದಲ್ಲಿ ಇದೇ ಪ್ರಶ್ನೆ ಎತ್ತಿಕೊಂಡರು. ಮುಗಿಯದೇ ಹೋಗುವ ಬದುಕು ವರವೋ ಶಾಪವೋ ಎಂದು ಕೇಳಿದರು. ಈಗಿರುವ ಬದುಕನ್ನೇ ಸುಮ್ನೆ ಎಳೆದುಕೊಂಡು ಹೋದರೆ ಯಾರಿಗಾದರೂ ಸಾಕಾಗಿಬಿಡುತ್ತದೆ. ನಿತ್ಯಜೀವ ಅದಲ್ಲ. ಮೊದಲು, ಆಮೇಲೆ ಅನ್ನುವುದೇ ಇಲ್ಲದೆ ಅಪಾರ ಪ್ರೀತಿಯಲ್ಲಿ ಮುಳುಗುವ ಕ್ಷಣ ಎಂದು ಅವರು ಅದನ್ನು ಬಣ್ಣಿಸಿದರು.

ನಮಗೆ ಬೇಸರ ಯಾವಾಗ ಬರುತ್ತದೆ? ಎದುರಿಗಿರುವುದರಲ್ಲಿ ನೋಡುವುದೆಲ್ಲ ಮುಗಿದಾಗ. ಹೊಸ ಫೋನು ತಿಂಗಳಲ್ಲಿ ಹಳತಾಗುತ್ತದೆ. ದೇವರನ್ನು ನೋಡಿ ಮುಗಿಯಿತು ಅನ್ನುವಂತಿಲ್ಲ. ಸ್ವರ್ಗದ ಸುಖ ಎಂದರೆ ದೇವರನ್ನು ಮುಖಾಮುಖಿ ನೋಡುವುದು. ‘ಈಗ ಮಸುಕು ಕನ್ನಡಿಯಲ್ಲಿ ನೋಡುತ್ತೇವೆ, ಆಗ ಮುಖಾಮುಖಿ’ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದು ಇದನ್ನೇ. ನಮ್ಮ ಕಣ್ಣಿಗೂ ಬುದ್ಧಿಗೂ ಅಷ್ಟು ಶಕ್ತಿ ಇಲ್ಲ. ಅದಕ್ಕೆ ಬೇಕಾದ ಬೆಳಕನ್ನು ದೇವರೇ ಕೊಡುತ್ತಾರೆ ಎಂದು ಹದಿಮೂರನೇ ಶತಮಾನದ ಪಂಡಿತ ಸಂತ ಥಾಮಸ್ ಅಕ್ವಿನಾಸ್ ವಿವರಿಸಿದರು.

ಇನ್ನು ಹಾಡು. ಸಂತ ಅಗಸ್ಟಿನ್ ಪ್ರಕಾರ ಅಲ್ಲಿ ನಾವು ವಿಶ್ರಮಿಸಿ ನೋಡುತ್ತೇವೆ, ನೋಡಿ ಪ್ರೀತಿಸುತ್ತೇವೆ, ಪ್ರೀತಿಸಿ ಸ್ತುತಿಸುತ್ತೇವೆ. ಈ ಕ್ರಮ ಗಮನಿಸಿ. ಸ್ತುತಿ ಅಲ್ಲಿ ಯಾರೋ ಹಚ್ಚಿದ ಕೆಲಸವಲ್ಲ, ಪ್ರೀತಿ ತುಂಬಿ ತಾನಾಗಿ ಬರುವುದು.

ಅಲ್ಲಿ ಹೋದ ಮೇಲೆ ನಮ್ಮ ಯಜಮಾನರು ನನ್ನ ಗುರುತು ಹಿಡೀತಾರಾ?

ಹಿಡಿಯುತ್ತಾರೆ. ಸ್ವರ್ಗದಲ್ಲಿ ಮನುಷ್ಯ ತನ್ನ ನಿಜವಾದ ಗುರುತನ್ನು, ತನ್ನ ಸ್ವಂತ ಹೆಸರನ್ನು ಪಡೆಯುತ್ತಾನೆ ಎಂದು ಧರ್ಮಸಭೆಯ ಬೋಧನೆಯನ್ನೆಲ್ಲ ಒಟ್ಟಿಗೆ ಇಟ್ಟ 1992ರ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಹೆಸರೇ ಉಳಿಯುವ ಕಡೆ ನೆನಪು ಅಳಿಯುವುದು ಹೇಗೆ? ಯೇಸು ಹೇಳಿದ ಒಂದು ಸಾಮತಿಯ ಕಥೆಯಲ್ಲಿ ಶ್ರೀಮಂತ ಸತ್ತ ಮೇಲೂ ಭಿಕ್ಷುಕ ಲಾಜರನನ್ನು ಗುರುತು ಹಿಡಿಯುತ್ತಾನೆ, ತನ್ನ ಐವರು ಸಹೋದರರನ್ನು ನೆನೆಯುತ್ತಾನೆ. ಸಂತರೆಲ್ಲ ಒಟ್ಟಿಗಿರುವುದೇ ಸ್ವರ್ಗ. ಅಲ್ಲಿ ಯಾರೂ ಯಾರಿಗೂ ಅಪರಿಚಿತರಲ್ಲ.

ಆದರೆ ಒಂದು ಮಾತು ಮುಚ್ಚಿಡಬಾರದು. ಸುಖದ ಮೂಲ ದೇವರು, ಯಜಮಾನರಲ್ಲ. ದೇವರೊಬ್ಬರೇ ಇದ್ದರೂ ಆತ್ಮಕ್ಕೆ ಸುಖ ಪೂರ್ತಿ ಎಂದು ಅಕ್ವಿನಾಸ್ ಬರೆದರು. ಅದರ ಬೆನ್ನಿಗೇ, ಗೆಳೆಯರ ಜೊತೆ ಇರುವುದು ಆ ಸುಖಕ್ಕೆ ಚೆಲುವು ಕೊಡುತ್ತದೆ ಎಂದೂ ಹೇಳಿದರು. ಇದನ್ನು ಕೇಳಿ ಕೆಲವರಿಗೆ ನೋವಾಗುತ್ತದೆ. ನನಗೆ ಮಾತ್ರ ಇದು ಸಮಾಧಾನದ ಮಾತು. ಇಲ್ಲಿ ನಾವು ಗಂಡನಿಂದ, ಮಕ್ಕಳಿಂದ ಅವರು ಕೊಡಲಾಗದ್ದನ್ನೆಲ್ಲ ಕೇಳಿ ಅವರನ್ನು ಹಣ್ಣು ಮಾಡುತ್ತೇವೆ. ಅಲ್ಲಿ ಅದನ್ನೆಲ್ಲ ದೇವರೇ ತುಂಬುತ್ತಾರೆ. ಆಮೇಲೆ ಉಳಿಯುವುದು ಬರೀ ಪ್ರೀತಿ.

ನಾನು ಎರಡನೇ ಹೆಂಡತಿ. ಮೊದಲಿನಾಕಿ ತೀರಿಕೊಂಡಾಳ. ಮ್ಯಾಲ ಅವರು ಯಾರ ಜೊತಿ ಇರ್ತಾರ?

ಸತ್ತವರು ಮತ್ತೆ ಏಳುವ ಪುನರುತ್ಥಾನವನ್ನು ನಂಬದ ಯೆಹೂದಿ ಪಂಗಡದ ಸದ್ದುಕಾಯರು ಯೇಸುವನ್ನು ಇಕ್ಕಟ್ಟಿಗೆ ಸಿಕ್ಕಿಸಲು ಇಂಥದ್ದೇ ಪ್ರಶ್ನೆ ಕೇಳಿದ್ದರು. ಏಳು ಜನ ಅಣ್ಣತಮ್ಮಂದಿರು, ಒಬ್ಬರ ಮೇಲೊಬ್ಬರು ಒಬ್ಬಳನ್ನೇ ಮದುವೆಯಾಗಿ ಸತ್ತರು, ಪುನರುತ್ಥಾನದಲ್ಲಿ ಆಕೆ ಯಾರ ಹೆಂಡತಿ? ಪುನರುತ್ಥಾನವಾದ ಮೇಲೆ ಯಾರೂ ಮದುವೆಯಾಗುವುದಿಲ್ಲ, ದೇವದೂತರ ಹಾಗಿರುತ್ತಾರೆ ಎಂದರು ಯೇಸು. ಮದುವೆಯ ಬಂಧ ಸಾವಿನವರೆಗೆ. ನೀವು ದೇವಾಲಯದಲ್ಲಿ ಮಾತು ಕೊಟ್ಟಿದ್ದೂ ಅಲ್ಲಿಯವರೆಗೇ.

ಆದರೆ ಪ್ರೀತಿ ಸಾಯುವುದಿಲ್ಲ. ನಿಮಗೂ ಆಕೆಗೂ ಅವರ ಮೇಲಿರುವ ಪ್ರೀತಿ ಅಲ್ಲಿ ಪೈಪೋಟಿ ಆಗುವುದಿಲ್ಲ. ಯಾರಿಗೂ ಪಾಲು ಕಡಿಮೆಯಾಗುವ ಭಯ ಇರುವುದಿಲ್ಲ. ಈಗಲೇ ಆಕೆಯ ಹೆಸರಿನಲ್ಲಿ ಒಂದು ಪೂಜೆ ಹೇಳಿಸಿ. ಹೀಗೆ ಮಾಡಿದವರನ್ನು ನಾನು ನೋಡಿದ್ದೇನೆ. ಅವರ ಮನಸ್ಸು ಹಗುರಾಗಿದ್ದನ್ನೂ ನೋಡಿದ್ದೇನೆ.

ವಿಶ್ವಾಸ ಇದ್ದೋರು ಅಳಬಾರದು ಅಂತಾರೆ. ನನಗೆ ಅಳು ನಿಲ್ತಾನೇ ಇಲ್ಲ.

ಅಳಿ. ತಮ್ಮ ಗೆಳೆಯ ಲಾಜರನನ್ನು ಸಾವಿನಿಂದ ಇನ್ನೇನು ಎಬ್ಬಿಸಲಿರುವಾಗಲೂ ಯೇಸು ಅವನ ಸಮಾಧಿಯ ಹತ್ತಿರ ಅತ್ತರು. ಭರವಸೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದಿದ್ದಾರೆ ಸಂತ ಪೌಲರು. ದುಃಖಿಸಲೇಬೇಡಿ ಅಂದಿಲ್ಲ.

ನಮ್ಮ ಮನೆ ಎತ್ತು ಸ್ವರ್ಗಕ್ಕೆ ಹೋಗುತ್ತಾ?

ಧರ್ಮೋಪದೇಶದ ತರಗತಿಯಲ್ಲಿ ಕಾರಹುಣ್ಣಿಮೆ ಆದ ವಾರ ಈ ಪ್ರಶ್ನೆ ಬರುತ್ತದೆ. ಪ್ರಾಣಿಗಳ ಬಗ್ಗೆ ಧರ್ಮಸಭೆ ಖಚಿತವಾಗಿ ಏನೂ ಕಲಿಸಿಲ್ಲ. ಮನುಷ್ಯನ ಆತ್ಮದಂತೆ ಅವುಗಳ ಜೀವ ಅಮರವಲ್ಲ ಎನ್ನುವುದು ಹಳೆಯ ಪಂಡಿತರ ಅಭಿಪ್ರಾಯ. ಆದರೂ ಸೃಷ್ಟಿಯೆಲ್ಲ ಬಿಡುಗಡೆಗೆ ಕಾದಿದೆ ಎನ್ನುತ್ತದೆ ರೋಮನರಿಗೆ ಬರೆದ ಪತ್ರ. ಹೊಸ ಭೂಮಿಯಲ್ಲಿ ಪ್ರತಿ ಜೀವಿಗೂ ಹೊಳೆಯುವ ರೂಪದಲ್ಲಿ ಸ್ಥಾನವಿದೆ ಎಂದು ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದರು. ಮಗುವಿಗೆ ‘ಇಲ್ಲ’ ಅನ್ನಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

## ಶುದ್ಧೀಕರಣ, ಪೂಜೆ, ಸಮಾಧಿ

ನಮ್ಮಪ್ಪ ದೇವರಿಗೆ ಹೆದರೋರೇ. ಆದ್ರ ಕುಡೀತಿದ್ರು, ಅವ್ವನ್ನ ಹೊಡೀತಿದ್ರು. ಈಗ ಬೆಂಕ್ಯಾಗ ಸುಡಾಕತ್ತಾರೇನು?

ಬೆಂಕಿಯೊಳಗೆ ಕೈ ಎತ್ತಿ ನಿಂತವರ ಹಳೆಯ ಚಿತ್ರ ನಿಮ್ಮ ಕಣ್ಣಲ್ಲಿದೆ. ಹಳಬರು ‘ಉತ್ತರಿಸುವ ಸ್ಥಳ’ ಅಂದಾಗ ಅದೇ ನೆನಪಾಗುತ್ತದೆ. ಧರ್ಮಸಭೆ ವಿಧಿಯಾಗಿ ಕಲಿಸುವುದು ಮಾತ್ರ ಬಹಳ ಕಡಿಮೆ. 1563ರಲ್ಲಿ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ ಎರಡೇ ಮಾತು ಹೇಳಿತು: ಶುದ್ಧೀಕರಣ ಇದೆ, ಅಲ್ಲಿರುವ ಆತ್ಮಗಳಿಗೆ ನಮ್ಮ ಪ್ರಾರ್ಥನೆ, ಅದರಲ್ಲೂ ಬಲಿಪೂಜೆ, ನೆರವಾಗುತ್ತದೆ. ಜನರ ಕುತೂಹಲ ಕೆರಳಿಸುವ, ಮೂಢನಂಬಿಕೆಗೆ ಎಳೆಯುವ ಮಾತುಗಳನ್ನು ಬೋಧಿಸಬೇಡಿ ಎಂದು ಅದೇ ಸಭೆ ಧರ್ಮಾಧ್ಯಕ್ಷರಿಗೆ ಎಚ್ಚರಿಕೆ ಕೊಟ್ಟಿತು.

ಶುದ್ಧೀಕರಣದಲ್ಲಿ ಇರುವವರಿಗೆ ಸ್ವರ್ಗ ಖಾತ್ರಿ. ಅದು ನರಕದ ಸಣ್ಣ ರೂಪವಲ್ಲ. ಅಲ್ಲಿಂದ ನರಕಕ್ಕೆ ದಾರಿಯೇ ಇಲ್ಲ. 1510ರಲ್ಲಿ ತೀರಿಕೊಂಡ ಜಿನೋವಾದ ಸಂತ ಕ್ಯಾಥರೀನ್, ಸ್ವರ್ಗದ ಸಂತೋಷ ಬಿಟ್ಟರೆ ಈ ಆತ್ಮಗಳ ಸಂತೋಷಕ್ಕೆ ಸಾಟಿ ಇಲ್ಲ ಎಂದರು. ನೋವೂ ಇದೆ, ಸಂತೋಷವೂ ಇದೆ. ಆ ಸುಡುವ ಬೆಂಕಿ ಎಂದರೆ ಸ್ವತಃ ಕ್ರಿಸ್ತರನ್ನು ಎದುರಾಗುವುದೇ ಎಂದು ಇತ್ತೀಚಿನ ಕೆಲವು ಪಂಡಿತರು ಹೇಳುವುದನ್ನು ಹದಿನಾರನೇ ಬೆನೆಡಿಕ್ಟ್ ಒಪ್ಪಿಕೊಂಡು ಬರೆದರು. ಕ್ರಿಸ್ತರ ನೋಟದ ಮುಂದೆ ನಮ್ಮ ಸುಳ್ಳೆಲ್ಲ ಕರಗುತ್ತದೆ.

ನಿಮ್ಮಪ್ಪನ ವಿಷಯದಲ್ಲಿ ಇದನ್ನು ಯೋಚಿಸಿ. ಅವ್ವನ ಮೇಲೆ ಎತ್ತಿದ ಕೈ ಏನು ಮಾಡಿತು ಅಂತ ಅವರು ಇಲ್ಲಿ ಕುಡಿದ ಅಮಲಿನಲ್ಲಿ ನೋಡಲೇ ಇಲ್ಲ. ಅಲ್ಲಿ ನೋಡಲೇಬೇಕು. ಪೂರ್ತಿ ಸತ್ಯ, ನೆಪ ಇಲ್ಲದೆ. ಅದು ನೋವಿನದೇ. ಆದರೆ ಅದನ್ನು ತೋರಿಸುವವರು ಅವರನ್ನು ಪ್ರೀತಿಸುವವರು. ನೀವಾಗಲಿ ಅವ್ವನಾಗಲಿ ‘ಏನೂ ಆಗಿರಲಿಲ್ಲ’ ಅಂತ ನಟಿಸಬೇಕಿಲ್ಲ. ಆಗಿದ್ದು ಅನ್ಯಾಯ. ಅದನ್ನು ಅನ್ಯಾಯ ಎಂದೇ ಹೇಳುತ್ತಾ ಅವರಿಗಾಗಿ ಪ್ರಾರ್ಥಿಸಬಹುದು.

ಸತ್ತೋರಿಗೆ ಪ್ರಾರ್ಥನೆ ಮಾಡೋದು ಬೈಬಲ್‌ನಲ್ಲಿ ಎಲ್ಲಿದೆ? ನಮ್ಮ ಆಫೀಸಿನ ಪ್ರೊಟೆಸ್ಟಂಟ್ ಗೆಳೆಯ ಕೇಳಿದ.

ಮಕ್ಕಬಿಯರ ಎರಡನೇ ಗ್ರಂಥ, 12ನೇ ಅಧ್ಯಾಯ. ಯುದ್ಧದಲ್ಲಿ ಸತ್ತ ಸೈನಿಕರ ಅಂಗಿಯೊಳಗೆ ವಿಗ್ರಹದ ತಾಯತ ಸಿಗುತ್ತದೆ. ಆದರೂ ಅವರ ನಾಯಕ ಯೂದ ಅವರನ್ನು ಬಿಟ್ಟುಕೊಡುವುದಿಲ್ಲ. ಬೆಳ್ಳಿ ನಾಣ್ಯ ಕೂಡಿಸಿ, ಅವರ ಪಾಪಕ್ಕಾಗಿ ಬಲಿ ಅರ್ಪಿಸಲು ಜೆರುಸಲೇಮಿಗೆ ಕಳಿಸುತ್ತಾನೆ. ಸತ್ತವರು ಏಳುತ್ತಾರೆಂಬ ನಂಬಿಕೆ ಇಲ್ಲದಿದ್ದರೆ ಅದು ವ್ಯರ್ಥವಾಗುತ್ತಿತ್ತು ಎನ್ನುತ್ತದೆ ಗ್ರಂಥ. ನಿಮ್ಮ ಗೆಳೆಯನ ಬೈಬಲಿನಲ್ಲಿ ಈ ಗ್ರಂಥ ಇರುವುದಿಲ್ಲ, ಹಾಗಾಗಿ ಅವನು ಕೇಳಿದ್ದು ಸರಿಯಾದ ಪ್ರಶ್ನೆಯೇ. ವಾದ ಗೆಲ್ಲಲು ಹೋಗಬೇಡಿ.

ಎಷ್ಟು ಪೂಜೆ ಹೇಳಿಸಬೇಕು? ನಮ್ಮ ಹತ್ರ ಅಷ್ಟು ದುಡ್ಡಿಲ್ಲ.

ಲೆಕ್ಕವಿಲ್ಲ. ಏಳನೇ ದಿನ, ತಿಂಗಳು, ವರ್ಷ ಅಂತ ಹೇಳಿಸುವುದು ಒಳ್ಳೆಯ ರೂಢಿ. ಆದರೆ ಅದು ಕಡ್ಡಾಯವಲ್ಲ. ಪೂಜೆಗೆ ಕೊಡುವ ಕಾಣಿಕೆ ಪೂಜೆಯ ಬೆಲೆಯಲ್ಲ. ವ್ಯಾಪಾರದ ನೆರಳೂ ಇದರಲ್ಲಿ ಕಾಣಬಾರದು ಎಂದು 1983ರ ಧರ್ಮಸಭೆಯ ಕಾನೂನು ಹೇಳುತ್ತದೆ. ಕಾಣಿಕೆ ಇಲ್ಲದಿದ್ದರೂ ಬಡವರು ಕೇಳಿಕೊಂಡವರಿಗಾಗಿ ಪೂಜೆ ಅರ್ಪಿಸಿರಿ ಎಂದು ಗುರುಗಳಿಗೆ ಅದೇ ಕಾನೂನು ಒತ್ತಿ ಹೇಳುತ್ತದೆ. ಹಾಗಾಗಿ ಕಚೇರಿಯಲ್ಲಿ ಹೆಸರು ಬರೆಸಲು ಹಿಂಜರಿಯಬೇಡಿ. ಫಾದರಿಗೆ ನೇರವಾಗಿ ಹೇಳಿ.

ಸತತ ಮೂವತ್ತು ದಿನ ಒಬ್ಬರಿಗಾಗಿಯೇ ಪೂಜೆ ಅರ್ಪಿಸುವ ಪದ್ಧತಿ ಇದೆ. ಅದಕ್ಕೆ ಗ್ರೆಗರಿಯವರ ಪೂಜೆ ಎನ್ನುತ್ತಾರೆ. ಆರನೇ ಶತಮಾನದ ಕೊನೆಯಲ್ಲಿ ಪೋಪ್ ಆದ ಮಹಾ ಗ್ರೆಗರಿ ಅದರ ಕಥೆ ಹೇಳಿದ್ದಾರೆ. ಅವರ ಮಠದ ಒಬ್ಬ ಸನ್ಯಾಸಿ ನಿಯಮ ಮೀರಿ ಮೂರು ಚಿನ್ನದ ನಾಣ್ಯ ಬಚ್ಚಿಟ್ಟಿದ್ದ. ಅವನು ಸತ್ತ ಮೇಲೆ ಮೂವತ್ತು ದಿನ ಬಿಡದೆ ಪೂಜೆ ನಡೆಯಿತು. ಕೊನೆಗೆ ಅವನು ತನ್ನ ಸಹೋದರನಿಗೆ ಕಾಣಿಸಿಕೊಂಡು, ನನಗೆ ಬಿಡುಗಡೆಯಾಯಿತು ಅಂದನಂತೆ. ಇದು ಮಂತ್ರವಲ್ಲ. ಮೂವತ್ತು ದಿನ ಒಬ್ಬರನ್ನು ಬಿಡದೆ ನೆನೆಯುವ ಪ್ರೀತಿ.

ಸಂತ ಅಗಸ್ಟಿನರ ತಾಯಿ ಸಂತ ಮೋನಿಕಾ 387ರಲ್ಲಿ ಇಟಲಿಯ ಓಸ್ತಿಯಾ ಬಂದರಿನಲ್ಲಿ ಸಾಯುವಾಗ ಮಕ್ಕಳಿಗೆ ಹೇಳಿದ್ದು ಇಷ್ಟೇ: ‘ಈ ದೇಹವನ್ನು ಎಲ್ಲಾದರೂ ಹೂಳಿ, ಅದರ ಚಿಂತೆ ಬೇಡ. ನೀವು ಎಲ್ಲೇ ಇದ್ದರೂ ದೇವರ ಪೀಠದ ಬಳಿ ನನ್ನನ್ನು ನೆನೆಯಿರಿ.’ ಆಫ್ರಿಕಾದ ತನ್ನ ಊರಿನಲ್ಲಿ ಗಂಡನ ಪಕ್ಕವೇ ಮಲಗಬೇಕು ಅಂತ ಮೊದಲಿಂದ ಆಸೆಪಟ್ಟವಳು ಆಕೆ. ಕೊನೆಗೆ ಅದೂ ಬೇಡವಾಯಿತು.

ನವೆಂಬರ್ 2ಕ್ಕೆ ಸಮಾಧಿಗೆ ಯಾಕೆ ಹೋಗ್ತೀವಿ? ನಮ್ಮೋರು ಎಡೆ ಇಡೋ ಹಾಗೇನಾ ಇದು?

ಸುಮಾರು 998ರಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಮಠಾಧಿಪತಿ ಸಂತ ಓಡಿಲೋ ತಮ್ಮ ಮಠಗಳಲ್ಲಿ ಮೃತರನ್ನೆಲ್ಲ ನೆನೆಯುವ ಈ ದಿನ ಶುರು ಮಾಡಿದರು. ಅಲ್ಲಿಂದ ಎಲ್ಲ ಕಡೆ ಹರಡಿತು. ಮೊದಲ ಮಹಾಯುದ್ಧದಲ್ಲಿ ಸಾವು ಹೆಚ್ಚಾದಾಗ, 1915ರಲ್ಲಿ, ಪೋಪ್ ಹದಿನೈದನೇ ಬೆನೆಡಿಕ್ಟ್ ಈ ದಿನ ಪ್ರತಿ ಗುರುವಿಗೂ ಮೂರು ಪೂಜೆ ಅರ್ಪಿಸಲು ಅನುಮತಿ ಕೊಟ್ಟರು.

ನಮ್ಮ ಕಡೆ ಆ ದಿನದ ಕೆಲಸ ಮುಂಚೆಯೇ ಶುರುವಾಗುತ್ತದೆ. ಮಳೆಗಾಲದ ಹುಲ್ಲು ಕಿತ್ತು, ಸಮಾಧಿಗೆ ಸುಣ್ಣ ಬಳಿಯಬೇಕು. ಅಳಿಸಿದ ಹೆಸರಿನ ಮೇಲೆ ಮಕ್ಕಳು ಕಪ್ಪು ಬಣ್ಣ ತಿದ್ದುತ್ತಾರೆ. ಸಂಜೆ ಗಾಳಿಗೆ ಮೇಣದಬತ್ತಿ ನಿಲ್ಲುವುದಿಲ್ಲ. ಎರಡು ಇಟ್ಟಿಗೆ ನಿಲ್ಲಿಸಿ ನಡುವೆ ಹಚ್ಚುತ್ತೇವೆ. ಫಾದರ್ ತೀರ್ಥ ಚಿಮುಕಿಸುತ್ತಾ ಸಾಲಿನಿಂದ ಸಾಲಿಗೆ ಬರುವಾಗ ಎಲ್ಲರೂ ತಮ್ಮ ತಮ್ಮವರ ತಲೆಯ ಹತ್ತಿರ ನಿಂತಿರುತ್ತಾರೆ. ಯಾರೂ ಇಲ್ಲದ ಸಮಾಧಿಗೂ ಒಂದು ಚೆಂಡುಹೂವು, ಒಂದು ಬತ್ತಿ ಇಟ್ಟು ಬನ್ನಿ.

ಎಡೆ ಇಡುವಲ್ಲಿ ಸತ್ತವರ ಹಸಿವು ತಣಿಸುವ ಭಾವ ಇದೆ. ಅದರಲ್ಲಿರುವ ಪ್ರೀತಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಅವರಿಗೆ ಬೇಕಾಗಿರುವುದು ಊಟವಲ್ಲ, ಪ್ರಾರ್ಥನೆ. ನವೆಂಬರ್ 1ರಿಂದ 8ರವರೆಗೆ ಸಮಾಧಿ ಸ್ಥಳಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿದರೆ, ಪಾಪದ ಶಿಕ್ಷೆಯ ಪೂರ್ಣ ವಿಮೋಚನೆಯನ್ನು ಒಬ್ಬ ಆತ್ಮಕ್ಕಾಗಿ ಪಡೆಯಬಹುದು. ಅದಕ್ಕೆ ಗುರುಗಳ ಮುಂದೆ ಪಾಪನಿವೇದನೆ ಮಾಡಿರಬೇಕು, ಪರಮಪ್ರಸಾದ ಸ್ವೀಕರಿಸಿರಬೇಕು. ಪೋಪ್ ಅವರ ಉದ್ದೇಶಕ್ಕಾಗಿ ಪ್ರಾರ್ಥಿಸಬೇಕು. ಪಾಪದ ಮೋಹವನ್ನು ಮನಸ್ಸಿನಿಂದ ಬಿಟ್ಟಿರಬೇಕು. ಕೊರೊನಾ ವರ್ಷ 2020ರಲ್ಲಿ ಇದನ್ನು ನವೆಂಬರ್ ಇಡೀ ತಿಂಗಳಿಗೆ ವಿಸ್ತರಿಸಿದ್ದರು.

ಅವ್ವನ ಫೋನು ಇನ್ನೂ ಚಾರ್ಜ್ ಮಾಡಿ ಇಟ್ಟೀನಿ. ಆಕಿ ಜೊತಿ ಮಾತಾಡಬಹುದಾ? ಮೈಮ್ಯಾಲ ಬರೋರ ಹತ್ರ ಕೇಳಿಸಿದ್ರ ತಪ್ಪಾ?

ಅವ್ವನ ಜೊತೆ ಮಾತಾಡಿ. ‘ಅವ್ವಾ, ನನಗಾಗಿ ಪ್ರಾರ್ಥಿಸು’ ಅನ್ನಿ. ಸ್ವರ್ಗ ಸೇರಿದವರು ನಮಗಾಗಿ ಬೇಡುತ್ತಾರೆ, ಇದು ಧರ್ಮಸಭೆಯ ಬೋಧನೆ. ಶುದ್ಧೀಕರಣದಲ್ಲಿರುವವರಿಗೆ ನಾವು ಮಾಡುವ ಪ್ರಾರ್ಥನೆ, ಅವರು ನಮಗಾಗಿ ಮಾಡುವ ಬಿನ್ನಹಕ್ಕೂ ಬಲ ಕೊಡುತ್ತದೆ ಎಂದು ಧರ್ಮೋಪದೇಶ ಗ್ರಂಥ ಹೇಳುತ್ತದೆ. 1897ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡ ಲಿಸ್ಯೂವಿನ ಸಂತ ತೆರೇಸಾ, ನನ್ನ ಸ್ವರ್ಗವನ್ನು ಭೂಮಿಯ ಮೇಲೆ ಒಳಿತು ಮಾಡುವುದರಲ್ಲೇ ಕಳೆಯುತ್ತೇನೆ ಎಂದಿದ್ದರು.

ಆದರೆ ಮೈಮೇಲೆ ಬರುವವರ ಹತ್ತಿರ, ಸತ್ತವರನ್ನು ಕರೆಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಇದನ್ನು ಧರ್ಮಸಭೆ ಸ್ಪಷ್ಟವಾಗಿ ತಡೆಯುತ್ತದೆ. ಕೇಳುವುದು ದೇವರ ಮೂಲಕ, ಅವರನ್ನು ಬಿಟ್ಟು ಅಡ್ಡದಾರಿಯಲ್ಲಲ್ಲ. ಅಂಥ ಕಡೆ ನಿಮ್ಮ ದುಃಖವನ್ನೇ ಬಂಡವಾಳ ಮಾಡಿಕೊಳ್ಳುವವರು ಜಾಸ್ತಿ. ಕನಸಿನಲ್ಲಿ ಅವ್ವ ಬಂದರೆ ಹೆದರಬೇಡಿ, ಅರ್ಥ ಹುಡುಕಲು ಓಡಾಡಲೂ ಬೇಡಿ. ಎದ್ದು ಒಂದು ‘ನಮೋ ಮರಿಯಾ’ ಹೇಳಿ. ಫೋನು ಇರಲಿ ಬಿಡಿ. ಅದರಲ್ಲಿ ತಪ್ಪೇನಿಲ್ಲ.

ಸುಟ್ಟರೆ ಪುನರುತ್ಥಾನಕ್ಕೆ ತೊಂದರೆ ಆಗುತ್ತಾ? ಬೂದಿ ನದಿಗೆ ಬಿಡಬಹುದಾ?

ತೊಂದರೆ ಇಲ್ಲ. ಮಣ್ಣಿನಿಂದ ಎಬ್ಬಿಸುವ ದೇವರು ಬೂದಿಯಿಂದಲೂ ಎಬ್ಬಿಸುತ್ತಾರೆ. ಧರ್ಮಸಭೆ 1963ರಿಂದ ಸುಡಲು ಅನುಮತಿ ಕೊಟ್ಟಿದೆ, ಆದರೂ ಹೂಳುವುದನ್ನೇ ಇಷ್ಟಪಡುತ್ತದೆ. 2016ರ ಸೂಚನೆಯ ಪ್ರಕಾರ ಬೂದಿಯನ್ನು ಸಮಾಧಿ ಸ್ಥಳದಂಥ ಪವಿತ್ರ ಜಾಗದಲ್ಲಿ ಇಡಬೇಕು. ಕೃಷ್ಣೆಗೋ ಮಲಪ್ರಭೆಗೋ ಬಿಡುವಂತಿಲ್ಲ, ಗಾಳಿಗೆ ತೂರುವಂತಿಲ್ಲ.

## ಕಷ್ಟದ ಪ್ರಶ್ನೆಗಳು

ಹೈವೇಯಲ್ಲಿ ಬೈಕ್ ಅಪಘಾತ. ಫಾದರ್ ಬರೋ ಮೊದಲೇ ತಮ್ಮ ಹೋಗಿಬಿಟ್ಟ. ಪಾಪನಿವೇದನೆ ಇಲ್ಲದೆ ಹೋದವರ ಗತಿ ಏನು?

ದೇವರು ಸಂಸ್ಕಾರಗಳನ್ನು ನಮಗೆ ಕೊಟ್ಟಿದ್ದಾರೆ, ಆದರೆ ತಮ್ಮ ಕೈಯನ್ನು ಅವುಗಳಿಗೆ ಕಟ್ಟಿಕೊಂಡಿಲ್ಲ. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪಶ್ಚಾತ್ತಾಪ, ಅವಕಾಶ ಸಿಕ್ಕರೆ ಪಾಪನಿವೇದನೆ ಮಾಡುವ ಮನಸ್ಸಿದ್ದರೆ, ಘೋರ ಪಾಪಗಳಿಗೂ ಕ್ಷಮೆ ತರುತ್ತದೆ. ಅದಕ್ಕೆ ಗಂಟೆ ಬೇಕಿಲ್ಲ. ಶಿಲುಬೆಯ ಮೇಲಿದ್ದ ಕಳ್ಳ ಒಂದೇ ಮಾತು ಬೇಡಿದ, ‘ಇಂದೇ ನನ್ನೊಡನೆ ಪರಂಧಾಮದಲ್ಲಿರುವೆ’ ಎಂಬ ಉತ್ತರ ಸಿಕ್ಕಿತು.

ಹುಟ್ಟೋ ಮೊದಲೇ ನಮ್ಮ ಮಗು ಹೋಯ್ತು. ಜ್ಞಾನಸ್ನಾನ ಆಗಿರಲಿಲ್ಲ. ಅದಕ್ಕೆ ಸ್ವರ್ಗ ಇಲ್ವಾ?

ಈ ಪ್ರಶ್ನೆ ಕೇಳುವ ತಾಯಂದಿರಲ್ಲಿ ಎಷ್ಟೋ ಜನ ಆ ಮಗುವಿನ ಬಗ್ಗೆ ಬೇರೆ ಯಾರ ಹತ್ತಿರವೂ ಬಾಯಿ ಬಿಟ್ಟಿರುವುದಿಲ್ಲ. ಕೆಲವರ ವಿಷಯದಲ್ಲಿ ಅದಾಗಿ ಇಪ್ಪತ್ತು ವರ್ಷ ಕಳೆದಿರುತ್ತದೆ.

ಅಂಥ ಮಕ್ಕಳು ಲಿಂಬೋ ಎಂಬಲ್ಲಿ ಇರುತ್ತಾರೆ, ಅಲ್ಲಿ ನೋವಿಲ್ಲ, ಆದರೆ ದೇವರ ದರ್ಶನವೂ ಇಲ್ಲ ಎಂದು ಹಿಂದೆ ಹೇಳುತ್ತಿದ್ದರು. ಅದು ಪಂಡಿತರ ಅಭಿಪ್ರಾಯವಾಗಿತ್ತು. ಧರ್ಮಸಭೆ ಅದನ್ನು ವಿಶ್ವಾಸದ ವಿಧಿ ಎಂದು ಎಂದೂ ಸಾರಿಲ್ಲ. 1992ರ ಗ್ರಂಥ ಈ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. ‘ಮಕ್ಕಳು ನನ್ನ ಬಳಿಗೆ ಬರಲಿ, ತಡೆಯಬೇಡಿ’ ಎಂದ ಯೇಸುವಿನ ಮಾತನ್ನೇ ಆಧಾರವಾಗಿ ಇಟ್ಟುಕೊಂಡು, ಅವರಿಗೂ ರಕ್ಷಣೆಯ ದಾರಿ ಇದೆ ಎಂದು ಭರವಸೆಯಿಡಲು ಹೇಳುತ್ತದೆ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಇದನ್ನೇ ಇನ್ನೂ ಬಿಡಿಸಿ ಬರೆಯಿತು. ನಮಗೆ ಖಚಿತ ಜ್ಞಾನ ಇಲ್ಲ, ಆದರೆ ಭರವಸೆಗೆ ಗಟ್ಟಿ ಕಾರಣಗಳಿವೆ ಎಂದಿತು.

ಜ್ಞಾನಸ್ನಾನ ಕೊಡಿಸಲು ತಂದೆತಾಯಿ ಬಯಸಿದ್ದ ಮಗುವಿಗೆ ಧರ್ಮಾಧ್ಯಕ್ಷರ ಅನುಮತಿಯೊಂದಿಗೆ ಧರ್ಮಸಭೆಯ ಶವಸಂಸ್ಕಾರ ಮಾಡಬಹುದು. ಮಗುವಿಗೆ ಹೆಸರಿಡಿ. ಆ ಹೆಸರಿನಲ್ಲೇ ಪ್ರಾರ್ಥಿಸಿ.

ನಮ್ಮ ಅಣ್ಣ ಸಾಲದ ಬಾಧೆಗೆ ಜೀವ ತೆಗೆದುಕೊಂಡ. ಜನ ಅವನು ನರಕಕ್ಕೇ ಹೋ‌ದ ಅಂತಾರೆ.

ಹಾಗೆ ಹೇಳುವ ಅಧಿಕಾರ ಅವರಿಗಿಲ್ಲ. ಜೀವ ತೆಗೆದುಕೊಳ್ಳುವುದು ಘೋರ ತಪ್ಪು, ಇದನ್ನು ಧರ್ಮಸಭೆ ಬಿಟ್ಟುಕೊಟ್ಟಿಲ್ಲ. ಆದರೆ ಮನಸ್ಸಿನ ಕಾಯಿಲೆ, ತೀವ್ರ ಭಯ, ಸಂಕಟ ಇದ್ದಲ್ಲಿ ಹೊಣೆ ಕಡಿಮೆಯಾಗುತ್ತದೆ ಎಂದು ಧರ್ಮೋಪದೇಶ ಗ್ರಂಥ ಹೇಳುತ್ತದೆ. ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ದೇವರಿಗಷ್ಟೇ ಗೊತ್ತಿರುವ ದಾರಿಗಳಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಸಿಗಬಹುದು ಎಂದೂ ಹೇಳುತ್ತದೆ. 1917ರ ಕಾನೂನು ಅಂಥವರಿಗೆ ಧರ್ಮಸಭೆಯ ಶವಸಂಸ್ಕಾರ ಇಲ್ಲ ಅಂದಿತ್ತು. 1983ರ ಕಾನೂನಿನಲ್ಲಿ ಆ ಮಾತಿಲ್ಲ.

ಆರ್ಸ್‌ನ ಗುರು ಸಂತ ಜಾನ್ ವಿಯಾನಿ ಬಗ್ಗೆ ಒಂದು ಘಟನೆ ಹೇಳುತ್ತಾರೆ. ಸೇತುವೆಯಿಂದ ಹಾರಿ ಸತ್ತವನ ಹೆಂಡತಿ ಅವರ ಹತ್ತಿರ ಬಂದಿದ್ದಳು. ಆಕೆ ಬಾಯಿ ಬಿಡುವ ಮೊದಲೇ ಅವರು, ನಿನ್ನ ಗಂಡನಿಗೆ ರಕ್ಷಣೆ ಸಿಕ್ಕಿದೆ, ಸೇತುವೆಗೂ ನೀರಿಗೂ ನಡುವೆ ಪಶ್ಚಾತ್ತಾಪ ಪಡಲು ಸಮಯವಿತ್ತು ಎಂದರಂತೆ.

ಇದನ್ನು ಓದುತ್ತಿರುವ ನಿಮಗೇ ಬದುಕು ಸಾಕೆನಿಸುತ್ತಿದ್ದರೆ, ದಯವಿಟ್ಟು ಈಗಲೇ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು.

ನಮ್ಮ ಆಯಿ ಲಿಂಗಾಯತರು. ಬಂದವರಿಗೆಲ್ಲ ರೊಟ್ಟಿ ಕೊಟ್ಟು ಕಳಿಸೋರು. ಕ್ರೈಸ್ತರಲ್ಲ ಅಂತ ಅವರಿಗೆ ಸ್ವರ್ಗ ಇಲ್ವಾ?

ಮದುವೆಯಿಂದ, ಮತಾಂತರದಿಂದ ಬೆರೆತ ಮನೆಗಳು ನಮ್ಮ ಕಡೆಯೂ ಇವೆ. ಹಾಗಾಗಿ ಇದು ದೂರದ ಪ್ರಶ್ನೆಯಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕೊಟ್ಟ ಉತ್ತರ ಇದು: ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನೂ ಧರ್ಮಸಭೆಯನ್ನೂ ಅರಿಯದೆ ಹೋದವರು, ದೇವರನ್ನು ಪ್ರಾಮಾಣಿಕ ಮನಸ್ಸಿನಿಂದ ಅರಸಿ, ಆತ್ಮಸಾಕ್ಷಿ ತೋರಿದಂತೆ ದೇವರ ಚಿತ್ತ ನಡೆಸಲು ವರಪ್ರಸಾದದ ಬಲದಿಂದ ಯತ್ನಿಸಿದರೆ, ನಿತ್ಯ ರಕ್ಷಣೆ ಪಡೆಯಬಲ್ಲರು. ರಕ್ಷಿಸುವವರು ಕ್ರಿಸ್ತರೇ, ಆಯಿಗೆ ಅದು ಗೊತ್ತಿರದಿದ್ದರೂ.

ಪೂಜೆಯಲ್ಲಿ ಬಳಸುವ ನಾಲ್ಕನೇ ಕೃತಜ್ಞತಾ ಪ್ರಾರ್ಥನೆಯಲ್ಲಿ, ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಆ ಮೃತರನ್ನೂ ನೆನೆಯುತ್ತೇವೆ. ಫಾದರ್ ಅದನ್ನು ಓದುವಾಗ ನಿಮ್ಮ ಆಯಿಯ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಅವರಿಗಾಗಿ ಪೂಜೆ ಹೇಳಿಸಲೂಬಹುದು.

ಸ್ವರ್ಗ ಅಂದ್ರೆ ದೇವರಲ್ಲಿ ಒಂದಾಗಿಬಿಡೋದಾ? ಇಲ್ಲ ಮತ್ತೆ ಹುಟ್ಟಿ ಬರ್ತೀವಾ?

ಎರಡೂ ಅಲ್ಲ. ಮನುಷ್ಯ ಒಂದೇ ಸಲ ಸಾಯುತ್ತಾನೆ ಎನ್ನುತ್ತದೆ ಹಿಬ್ರಿಯರಿಗೆ ಬರೆದ ಪತ್ರ. ಹಾಗಾಗಿ ಮರುಜನ್ಮವನ್ನು ಧರ್ಮಸಭೆ ಒಪ್ಪುವುದಿಲ್ಲ. ದೇವರ ಜೊತೆಗಿನ ಒಂದಾಗುವಿಕೆ ನಾವು ಊಹಿಸಲಾರದಷ್ಟು ಆಳವಾದದ್ದು. ಆದರೂ ನಾನು ಅಳಿದುಹೋಗುವುದಿಲ್ಲ. ಪ್ರೀತಿಸಲು ಇಬ್ಬರು ಬೇಕಲ್ವಾ?

ಸಂತರಿಗೆ ಜಾಸ್ತಿ ಸುಖ, ನಮ್ಮಂಥೋರಿಗೆ ಕಡಿಮೆ ಅಂತಾರೆ. ಅಲ್ಲೂ ಮೇಲು ಕೀಳಾ?

ಒಬ್ಬೊಬ್ಬರು ದೇವರನ್ನು ಕಾಣುವ ಆಳ ಬೇರೆ ಬೇರೆ ಎಂದು 1439ರಲ್ಲಿ ಫ್ಲಾರೆನ್ಸ್ ಮಹಾಸಭೆ ಹೇಳಿತು. ಇಲ್ಲಿ ಪ್ರೀತಿಸಿದಷ್ಟು ಆಳ. ಲಿಸ್ಯೂವಿನ ತೆರೇಸಾಗೂ ಚಿಕ್ಕವಳಿದ್ದಾಗ ಇದೇ ಚಿಂತೆಯಾಗಿತ್ತು. ಆಕೆಯ ಅಕ್ಕ ಅಪ್ಪನ ದೊಡ್ಡ ಲೋಟವನ್ನೂ ತೆರೇಸಾಳ ಹೊಲಿಗೆಯ ಬೆರಳಟೋಪಿಯನ್ನೂ ಪಕ್ಕದಲ್ಲಿಟ್ಟು ಎರಡಕ್ಕೂ ನೀರು ತುಂಬಿಸಿ, ಯಾವುದು ಹೆಚ್ಚು ತುಂಬಿದೆ ಹೇಳು ಅಂದಳು. ಎರಡೂ ತುಂಬಿದ್ದವು.

ನಾನು ಸ್ವರ್ಗದಲ್ಲಿದ್ದು ನನ್ನ ಮಗ ನರಕದಲ್ಲಿದ್ರೆ, ನನಗೆಂಥ ಸುಖ?

ಇದು ಎಲ್ಲಕ್ಕಿಂತ ಕಷ್ಟದ್ದು. ಸಲೀಸಾದ ಉತ್ತರ ಕೊಡುವವರನ್ನು ನಂಬಬೇಡಿ.

ಸ್ವರ್ಗದಲ್ಲಿರುವವರು ದೇವರ ನ್ಯಾಯವನ್ನು ಪೂರ್ತಿ ಕಾಣುತ್ತಾರೆ, ಆದ್ದರಿಂದ ಅವರ ಸುಖಕ್ಕೆ ಭಂಗವಿಲ್ಲ ಎಂದು ಹಳೆಯ ಪಂಡಿತರು ಹೇಳಿದರು. ತರ್ಕಕ್ಕೆ ಅದು ಸರಿ. ಮಗನನ್ನು ಹೆತ್ತವಳ ಎದೆಗೆ ಅದು ಇಳಿಯುವುದಿಲ್ಲ. ನನಗೂ ಇಳಿಯುವುದಿಲ್ಲ. ದೇವರು ‘ಅವರ ಕಣ್ಣೀರನ್ನೆಲ್ಲ ಒರೆಸುವರು’ ಎಂದು ಪ್ರಕಟನಾ ಗ್ರಂಥ ಹೇಳುತ್ತದೆ. ಹೇಗೆ ಒರೆಸುತ್ತಾರೆ ಎಂದು ಹೇಳುವುದಿಲ್ಲ.

ನಮಗೆ ಖಚಿತವಾಗಿ ಗೊತ್ತಿರುವುದು ಇಷ್ಟು. ದೇವರು ಯಾರನ್ನೂ ಮೊದಲೇ ನರಕಕ್ಕೆಂದು ಗೊತ್ತುಮಾಡಿಲ್ಲ. ಎಲ್ಲರೂ ರಕ್ಷಣೆ ಹೊಂದಬೇಕೆಂಬುದೇ ಅವರ ಇಚ್ಛೆ. ನರಕ ಇದೆ, ಆದರೆ ಅದು ಮನುಷ್ಯ ತಾನೇ ತನ್ನ ಮೇಲೆ ಹಾಕಿಕೊಳ್ಳುವ ಬೀಗ. ಸಾವಿರಾರು ಜನರನ್ನು ಸಂತರೆಂದು ಹೆಸರಿಟ್ಟು ಸಾರಿದ ಧರ್ಮಸಭೆ, ಇಂಥವರು ನರಕದಲ್ಲಿದ್ದಾರೆ ಎಂದು ಒಬ್ಬರ ಹೆಸರನ್ನೂ ಹೇಳಿಲ್ಲ. ಎಲ್ಲರೂ ರಕ್ಷಣೆ ಹೊಂದಿಯೇ ತೀರುತ್ತಾರೆ ಎಂದೂ ಕಲಿಸುವುದಿಲ್ಲ. ಹಾಗೆ ಹೇಳಿದರೆ ಮನುಷ್ಯನ ಸ್ವಾತಂತ್ರ್ಯಕ್ಕೆ ಬೆಲೆಯೇ ಉಳಿಯುವುದಿಲ್ಲ. ಈ ಎರಡರ ನಡುವೆ ನಮಗೆ ಪ್ರಾರ್ಥನೆ ಕೊಟ್ಟಿದ್ದಾರೆ.

ಬೆಳಗಾವಿಯ ಪ್ರಧಾನಾಲಯ ಫಾತಿಮಾ ಮಾತೆಗೆ ಸಮರ್ಪಿತ. 1917ರ ಜುಲೈನಲ್ಲಿ ಪೋರ್ಚುಗಲ್ಲಿನ ಫಾತಿಮಾದಲ್ಲಿ ಮಾತೆ ಮರಿಯಾ ಮೂವರು ಮಕ್ಕಳಿಗೆ ಕಾಣಿಸಿಕೊಂಡು ಕಲಿಸಿದ ಪ್ರಾರ್ಥನೆಯನ್ನು ನಾವು ಜಪಸರದ ಪ್ರತಿ ಹತ್ತಾದ ಮೇಲೆ ಹೇಳುತ್ತೇವೆ: ಎಲ್ಲ ಆತ್ಮಗಳನ್ನು, ಮುಖ್ಯವಾಗಿ ನಿಮ್ಮ ಕರುಣೆ ಜಾಸ್ತಿ ಬೇಕಾದವರನ್ನು, ಸ್ವರ್ಗಕ್ಕೆ ಸೇರಿಸಿರಿ. ‘ಎಲ್ಲ’ ಎಂದು ಬೇಡಲು ದೇವತಾಯಿಯೇ ಹೇಳಿಕೊಟ್ಟ ಮೇಲೆ, ನಿಮ್ಮ ಮಗನ ಹೆಸರನ್ನು ಅದರಿಂದ ತೆಗೆಯಲು ನಿಮಗೆ ಹಕ್ಕಿಲ್ಲ. ಅವನು ತೀರಿಹೋಗಿ ಎಷ್ಟೇ ವರ್ಷವಾಗಿರಲಿ. ಇನ್ನೊಬ್ಬರಿಗಾಗಿ ಬೇಡುವ ಪ್ರಾರ್ಥನೆಗೆ ಹೊತ್ತು ಮೀರಿತು ಅನ್ನುವುದಿಲ್ಲ, ದೇವರ ಕಾಲ ನಮ್ಮ ಗಡಿಯಾರದ್ದಲ್ಲ ಎಂದು ಹದಿನಾರನೇ ಬೆನೆಡಿಕ್ಟ್ ಭರವಸೆಯ ಬಗ್ಗೆ ಬರೆದ ಆ 2007ರ ಪತ್ರದಲ್ಲೇ ಬರೆದಿದ್ದಾರೆ.

ಆತ್ಮ ಈಗಲೇ ದೇವರನ್ನು ನೋಡ್ತಿದ್ರೆ, ಕೊನೇ ದಿನ ದೇಹ ಏಳೋದು ಯಾಕೆ ಬೇಕು?

ಈ ಪ್ರಶ್ನೆಯಿಂದ ಒಮ್ಮೆ ಪೋಪರೇ ತೊಡಕಿಗೆ ಸಿಕ್ಕಿದ್ದರು. ಆತ್ಮಗಳು ಕೊನೆಯ ತೀರ್ಪಿನವರೆಗೆ ದೇವರನ್ನು ಪೂರ್ತಿ ಕಾಣುವುದಿಲ್ಲ ಎಂದು ಇಪ್ಪತ್ತೆರಡನೇ ಜಾನ್ 1331ರಲ್ಲಿ ಪ್ರವಚನದಲ್ಲಿ ಹೇಳಿದರು. ಅದು ಅವರ ಸ್ವಂತ ಅಭಿಪ್ರಾಯ. ದೊಡ್ಡ ಗದ್ದಲವಾಯಿತು. 1334ರಲ್ಲಿ ಸಾವಿನ ಹಾಸಿಗೆಯಲ್ಲಿ ಅದನ್ನು ಹಿಂತೆಗೆದುಕೊಂಡರು. ಅವರ ನಂತರ ಬಂದ ಹನ್ನೆರಡನೇ ಬೆನೆಡಿಕ್ಟ್ 1336ರಲ್ಲಿ ವಿಧಿಯಾಗಿ ಸಾರಿದರು: ಶುದ್ಧರಾದ ಆತ್ಮಗಳು ಕೊನೆಯ ದಿನಕ್ಕೆ ಕಾಯಬೇಕಿಲ್ಲ, ಈಗಲೇ ದೇವರನ್ನು ಮುಖಾಮುಖಿ ಕಾಣುತ್ತವೆ.

ಹಾಗಾದರೆ ದೇಹ ಯಾಕೆ? ‘ನನ್ನ ಆತ್ಮ ನಾನಲ್ಲ’ ಎಂದು ಬರೆದರು ಅಕ್ವಿನಾಸ್. ಆತ್ಮ ಮಾತ್ರ ಉಳಿದರೆ ಮನುಷ್ಯ ಪೂರ್ತಿ ಉಳಿದಂತಲ್ಲ. ನಿಮ್ಮನ್ನು ಎತ್ತಿಕೊಂಡ ಕೈ, ಹೊಲಕ್ಕೆ ನಡೆದ ಕಾಲು, ಇವೂ ನಿಮ್ಮ ಅವ್ವನೇ. ಅದಕ್ಕೇ ಪ್ರತಿ ಭಾನುವಾರ ಮೃತರ ಪುನರುತ್ಥಾನವನ್ನು ವಿಶ್ವಾಸಿಸುತ್ತೇವೆ ಎಂದು ಹೇಳುತ್ತೇವೆ. ಸತ್ತು ಎದ್ದ ಯೇಸು ಶಿಷ್ಯರ ಮುಂದೆ ಸುಟ್ಟ ಮೀನು ತಿಂದರು, ಗಾಯದ ಗುರುತು ತೋರಿಸಿದರು. ಅದೇ ದೇಹ, ಆದರೆ ಸಾವಿಲ್ಲದ್ದು.

ಯಾವ ವಯಸ್ಸಿನ ದೇಹ ಎಂದೂ ಜನ ಕೇಳುತ್ತಾರೆ. ಕ್ರಿಸ್ತರ ವಯಸ್ಸಿನ ಲೆಕ್ಕದಲ್ಲಿ ಸುಮಾರು ಮೂವತ್ತು ಇರಬಹುದು ಎಂದು ಅಗಸ್ಟಿನ್ ಊಹಿಸಿದ್ದರು. ಅದು ಅವರ ಊಹೆ, ವಿಶ್ವಾಸದ ವಿಧಿಯಲ್ಲ. ರೋಗ, ಊನ, ಮುಪ್ಪಿನ ನೋವು ಇರುವುದಿಲ್ಲ ಎನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ. ಕೊನೆಕೊನೆಗೆ ಹಾಸಿಗೆ ಹಿಡಿದು, ಮಕ್ಕಳ ಗುರುತೂ ಮರೆತು ಹೋದ ಅವ್ವಂದಿರ ಮನೆಗಳಲ್ಲಿ ನಾನು ಮೊದಲು ಹೇಳುವುದು ಇದನ್ನೇ.